ನಾನು ಬರೆದ ನರಕದ ನಕ್ಷೆ

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದೆ. ಆಯುಧಪೂಜೆ ಬಂತೆಂದರೆ ಒಂದೊಂದು ಸೆಕ್ಷನ್ನಿನವರೂ ಒಂದೊಂದು ದೇವಲೋಕ ಕಟ್ಟುತ್ತಿದ್ದರು. ಥರ್ಮೋಕೋಲಿನ ಕೈಲಾಸ, ಹತ್ತಿ ಮೋಡದ ವೈಕುಂಠ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು. ಈ ವರ್ಷ ನಾವು ನರಕ ಕಟ್ಟೋಣ ಅಂದೆ. ಅಂದ ತಪ್ಪಿಗೆ ನಕ್ಷೆಯ ಕೆಲಸ ನನ್ನ ತಲೆಗೇ ಬಂತು.

ಅಷ್ಟು ಖುಷಿಯಿಂದ ನಾನು ಬೇರೆ ಯಾವ ನಕ್ಷೆಯನ್ನೂ ಬರೆದಿಲ್ಲ. ದೇವಸ್ಥಾನ ಕಟ್ಟುವವನಿಗೆ ನೂರೆಂಟು ಶಾಸ್ತ್ರ, ನರಕದಲ್ಲಿ ಕೇಳುವವರು ಯಾರು? ಮ್ಯಾನೇಜರೂ ಬಗ್ಗಿಯೇ ಬರಲಿ ಅಂತ ಬಾಗಿಲನ್ನು ಎದೆಮಟ್ಟಕ್ಕೆ ಇಟ್ಟೆ. ಒಳಗೆ ಹೋದಷ್ಟೂ ದಾರಿ ಕಿರಿದು, ತಗಡಿನ ಸೂರು ತಗ್ಗು, ಕಿಟಕಿ ಒಂದೂ ಇಲ್ಲ. ಪ್ಯಾಕಿಂಗ್ ಹಲಗೆಯ ಗೋಡೆಗೆ ಮಸಿ ಬಳಿದು, ಕೆಂಪು ಬಲ್ಬು ಹಾಕಿ, ಖಾಲಿ ಡ್ರಮ್ಮಿನಲ್ಲಿ ಸಾಂಬ್ರಾಣಿ ಹೊಗೆ ಎಬ್ಬಿಸಿದೆವು.

ಹೊರಗಿನವರನ್ನು ಗೇಟಿನೊಳಗೆ ಬಿಡುತ್ತಿದ್ದದ್ದು ಅದೊಂದೇ ದಿನ. ಹಾಗಾಗಿ ಹೆಣ್ಣು ಕೊಡುವವರು ಹುಡುಗನ ಕೆಲಸ ನಿಜವೋ ಸುಳ್ಳೋ ಅಂತ ನೋಡಲು ಬರುತ್ತಿದ್ದದ್ದೂ ಅವತ್ತೇ. ಬೇಗೂರಿನ ಒಂದು ಬೇಸಾಯದ ಮನೆಯವರು ನನಗಾಗಿ ಬರುವವರಿದ್ದರು. ಹುಡುಗಿಯನ್ನು ಅವರ ಮನೆಯಲ್ಲಿ ನೋಡಿದಾಗಲೇ ನಾನು ಮನಸೋತಿದ್ದೆ. ಅವಳಪ್ಪ ಮಾತ್ರ ಕೆಲಸದ ಜಾಗ ನೋಡದೆ ಮಾತು ಕೊಡೋದಿಲ್ಲ ಅಂದಿದ್ದರು. ಫ್ಯಾನಿನ ಕೆಳಗಿನ ನನ್ನ ಮೇಜು ತೋರಿಸೋಣ ಅಂತ ಇಸ್ತ್ರಿ ಶರ್ಟು ತೊಟ್ಟು ಸೆಕ್ಷನ್ನಿನಲ್ಲಿ ಕಾಯುತ್ತಿದ್ದೆ.

ಅವರು ಗೇಟಿನಲ್ಲಿ ನನ್ನನ್ನು ವಿಚಾರಿಸಿದರಂತೆ. ವಾಚ್‌ಮನ್ ನರಕದ ಕಡೆ ಕೈ ತೋರಿಸಿ, "ಆ ಶೆಡ್ಡೇ ಅವರದು" ಅಂದನಂತೆ. ಸುದ್ದಿ ತಿಳಿದು ನಾನು ಓಡಿ ಬರುವಷ್ಟರಲ್ಲಿ ಅಪ್ಪ, ಅಮ್ಮ, ಮಗಳು ಮೂವರೂ ಒಳಗೆ ಹೋಗಿ ಹೊರಗೆ ಬಂದಾಗಿತ್ತು. ಅಪ್ಪನ ಬಿಳಿ ಪಂಚೆಯೆಲ್ಲ ಮಸಿ.

"ದಿನಾ ಇದರೊಳಗೇ ಕುಂತು ಕೆಲಸ ಮಾಡ್ತೀಯೇನಪ್ಪಾ?" ಅಂದರು.

"ಇಲ್ಲ ಯಜಮಾನ್ರೇ, ಇದು ನರಕ. ಹಬ್ಬಕ್ಕೆ ಅಂತ ನಾನೇ ಕಟ್ಟಿದ್ದು."

ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಹಬ್ಬದ ದಿನ ಕೈಯಾರೆ ನರಕ ಕಟ್ಟೋನಿಗೆ ಎಣ್ಣು ಕೊಡಾದಾ?" ಅಂತ ಹೆಂಡತಿಯನ್ನು ಕೇಳಿ, ಅವರು ಗೇಟಿನ ಕಡೆ ತಿರುಗಿಯೇಬಿಟ್ಟರು.

ಹುಡುಗಿ ನಿಂತಲ್ಲಿಂದ ಕದಲಲಿಲ್ಲ. "ಇದ್ರಾಗೆ ಎದರ್ಕೊಳ್ಳಾಕೆ ಏನೈತಪ್ಪಾ? ನಮ್ಮ ಅಡುಗೆಮನೆ ಇಂಗೇ ಐತಲ್ಲ. ಬಗ್ಗೇ ಓಗ್ಬೇಕು, ಕಿಟಕಿ ಇಲ್ಲ, ಬರೀ ಒಗೆ. ಅದನ್ನ ಕಟ್ಸಿದ್ದು ನೀನೇ ತಾನೆ?"

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಗೇಟಿನ ಕಡೆ ಹೊರಟಿದ್ದ ಅಪ್ಪ ಹಿಂದಕ್ಕೆ ತಿರುಗಿದರು. ವಾರವಿಡೀ ತಲೆ ಕೆಡಿಸಿಕೊಂಡು ನಾನು ಪಾಪಿಗಳಿಗೆ ಅಂತ ಕಲ್ಪಿಸಿದ ಜಾಗದಲ್ಲಿ ಈ ಹುಡುಗಿ ಎರಡು ಹೊತ್ತೂ ಮುದ್ದೆ ತೊಳಸುತ್ತಿದ್ದಳು. ಅಯ್ಯೋ ಅನ್ನಿಸಿತು.

ಅವಳು ನನ್ನನ್ನು ನೋಡದೆ ತಾಯಿಗೆ ಹೇಳಿದಳು. "ಮನೆ ನಕ್ಷೇನೂ ಬರೀತಾರಾ ಕೇಳವ್ವ. ಅಡುಗೆಮನೆಗೆ ಎಷ್ಟು ಕಿಟಕಿ ಇಕ್ತಾರಂತೆ?"

"ಎರಡು," ಅಂದೆ.

"ಸಾಲಲ್ಲ ಅನ್ನವ್ವ."

ತಾಂಬೂಲ ಬದಲಾಗುವ ಮೊದಲೇ ತಕರಾರು. ಕುಣಿದುಬಿಡೋಣ ಅನ್ನಿಸುವಷ್ಟು ಖುಷಿಯಾಯಿತು ನನಗೆ. ಅವಳಪ್ಪ ಪಂಚೆಯ ಮಸಿ ಕೊಡವಿಕೊಂಡರು.

"ಕಟ್ಟೋದಾದ್ರೆ ನಮ್ಮ ಬೇಗೂರ ಕಡೆನೇ ಕಟ್ಟಪ್ಪ," ಅಂದರು. "ಗಾಳಿ ಚೆನ್ನಾಗಿ ಬತ್ತದೆ."