ಹಸಿ ಮಡಲಿನ ಸ್ಟೇಡಿಯಂ

ನಮ್ಮ ಉಪ್ಪಳಕ್ಕೆ ಸ್ಟೇಡಿಯಂ ಬಂದದ್ದು ಐವತ್ತೆರಡನೇ ಇಸವಿಯಲ್ಲಿ. ನಗಬೇಡಿ. ಕೊಯ್ಲು ಮುಗಿದ ಗದ್ದೆ, ಎರಡು ಬದಿಗೆ ಬಿದಿರಿನ ಗ್ಯಾಲರಿ, ಸುತ್ತಲೂ ಆಳೆತ್ತರಕ್ಕೆ ಹೆಣೆದ ತೆಂಗಿನ ಗರಿಯ, ನಮ್ಮ ಮಾತಿನಲ್ಲಿ ಮಡಲಿನ, ಗೋಡೆ, ಅಷ್ಟೇ. ಅದಕ್ಕೆ ಸ್ಟೇಡಿಯಂ ಎಂದು ಹೆಸರಿಟ್ಟವರು ಫುಟ್‌ಬಾಲ್ ಕಮಿಟಿಯ ಅಧ್ಯಕ್ಷ ಮಹಾಲಿಂಗ ಶೆಟ್ಟರು. ಅವರು ಬೊಂಬಾಯಿಯಲ್ಲಿ ಒಂದು ಸ್ಟೇಡಿಯಮ್ಮಿನ ಗೋಡೆಯನ್ನು ಹೊರಗಿನಿಂದ ನೋಡಿದ್ದರು, ಒಳಗೆ ಹೋಗಿರಲಿಲ್ಲ. ಹಾಗಾಗಿ ಅವರ ಧ್ಯಾನವೆಲ್ಲ ಗೋಡೆಯ ಮೇಲೆಯೇ.

ಆ ಗೋಡೆ ಹೆಣೆದವಳು ಕಿನ್ನಿ. ತಾಯಿ ತೀರಿದ ಮೇಲೆ ಮಡಲು ಹೆಣೆದೇ ತಮ್ಮ ಬೋಜನನ್ನು ಸಾಕಿದವಳು. ಬೋಜ ಈಗ ಉಪ್ಪಳ ತಂಡದ ಗೋಲಿ, ಗೋಲು ಕಾಯುವವನು. ಅವನು ಚೆಂಡು ಹಿಡಿಯುವುದನ್ನು ಊರೆಲ್ಲ ನೋಡಿತ್ತು, ಅಕ್ಕ ಮಾತ್ರ ನೋಡಿರಲಿಲ್ಲ. ಕೂಲಿಯ ಜೊತೆಗೆ ಅವಳು ಶೆಟ್ಟರಲ್ಲಿ ಕೇಳಿದ್ದು ಒಂದೇ.

"ಫೈನಲಿಗೆ ನನಗೊಂದು ಸೀಟು ಕೊಡ್ತೀರಾ ಧಣಿಗಳೇ?"

"ಹೆಂಗಸರಿಗೆ ಗ್ಯಾಲರಿಯಲ್ಲಿ ಎಂತ ಕೆಲಸ? ನೀನು ಮಡಲು ಹಸಿರಾಗಿರುವಾಗಲೇ ಕಟ್ಟು. ಬಂದವರ ಕಣ್ಣಿಗೆ ಚೆಂದ ಕಾಣಬೇಕು."

"ನೆನೆಹಾಕಿ, ಹೆಣೆದು, ಒಣಗಿಸಿ ಕಟ್ಟಬೇಕು ಧಣಿಗಳೇ. ಹಸಿಯದ್ದು ಕಟ್ಟಿದರೆ..."

"ಬೊಂಬಾಯಿ ನೋಡಿದ್ದು ನಾನಾ, ನೀನಾ?"

ಕಿನ್ನಿ ಹಸಿ ಮಡಲನ್ನೇ ಕಟ್ಟಿದಳು.

ಅಬ್ಬಬ್ಬಾ, ಮೊದಲ ನಾಲ್ಕು ದಿನ ಶೆಟ್ಟರ ಗತ್ತೇನು! ದೇಲಂಪಾಡಿಯಿಂದ ಜನ ನಡೆದುಕೊಂಡು ಬಂದರು, ಆಟಕ್ಕಲ್ಲ, ಸ್ಟೇಡಿಯಂ ನೋಡಲಿಕ್ಕೆ. ಶೆಟ್ಟರು ಬೆತ್ತ ಹಿಡಿದು ಅವರನ್ನು ಗೋಡೆಯ ಸುತ್ತ ಮೆರವಣಿಗೆ ಮಾಡಿಸಿದರು. ಹೆಣೆದವಳ ಹೆಸರು ಅವರ ಬಾಯಿಗೆ ಒಮ್ಮೆಯೂ ಬರಲಿಲ್ಲ.

ಬಿಸಿಲಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ. ಹತ್ತನೆಯ ದಿನ, ಫೈನಲಿನ ಹೊತ್ತಿಗೆ, ಮಡಲು ಒಣಗಿ ಸುರುಟಿ ಎರಡೆರಡು ಬೆರಳಿನಷ್ಟು ಸಂದಿ ಬಿಟ್ಟಿತ್ತು. ಪ್ರತಿ ಸಂದಿಗೂ ಒಂದು ಕಣ್ಣು! ಟಿಕೇಟು ಹರಿಯುವ ಮಮ್ಮುಂಞಿ ಓಡಿ ಬಂದ. "ಯಾರೂ ಒಳಗೆ ಬರುವುದಿಲ್ಲ ಶೆಟ್ರೇ. ಹೊರಗಿನಿಂದಲೇ ಚೆಂದ ಕಾಣ್ತದಂತೆ!" ನಾಲ್ಕಾಣೆ ಕೊಟ್ಟು ಒಳಗೆ ಕೂತ ಪೆದ್ದರಲ್ಲಿ ನಾನೂ ಒಬ್ಬ. ನನಗೆ ಕಂಡದ್ದು ಎದುರಿನವನ ಮುಂಡಾಸು.

ಕೊನೆಯ ಗಳಿಗೆಯಲ್ಲಿ ನಮ್ಮ ವಿರುದ್ಧ ಪೆನಾಲ್ಟಿ. ನಾನು ಎದ್ದು ನಿಂತು ನೋಡಿದೆ. ಗೋಲಿನಲ್ಲಿ ಬೋಜ ಒಬ್ಬನೇ, ಮುಖ ಬಿಳುಚಿತ್ತು. ಆಗ ಅವನ ಬೆನ್ನ ಹಿಂದೆ, ಗೋಡೆಯ ಆಚೆಯಿಂದ ಒಂದು ಹೆಣ್ಣು ದನಿ ಕೇಳಿತು.

"ಹೆದರಬೇಡ ಬೋಜಾ, ನಾನಿದ್ದೇನೆ!"

ಬೋಜ ಹಾರಿ ಚೆಂಡನ್ನು ಎದೆಗೆ ಅಪ್ಪಿಕೊಂಡ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಟ ಮುಗಿದದ್ದೇ ಶೆಟ್ಟರು ಗೋಡೆಯ ಆಚೆಗೆ ಧಾವಿಸಿದರು. "ಹೀಗಾಗುತ್ತದೆ ಎಂದು ನಿನಗೆ ಮೊದಲೇ ಹೇಳಲಿಕ್ಕೆ ಎಂತ ದಾಡಿ?"

"ಹೇಳಲಿಕ್ಕೆ ಬಂದಿದ್ದೆ ಧಣಿಗಳೇ," ಎಂದಳು ಕಿನ್ನಿ. "ಅಷ್ಟರಲ್ಲಿ ನೀವು ಬೊಂಬಾಯಿಗೆ ಹೋಗಿಬಿಟ್ಟಿರಿ."

ಮರುವರ್ಷ ಶೆಟ್ಟರೇ ಅವಳ ಅಂಗಳಕ್ಕೆ ಬಂದರು. "ಈ ಸಲ ಒಣಗಿಸಿಯೇ ಕಟ್ಟು ಮಾರಾಯ್ತಿ."

"ಕಟ್ಟುವ. ಆದರೆ ಒಣಗಿಸಿ ಕಟ್ಟಿದ ಗೋಡೆಯಲ್ಲಿ ಸಂದಿ ಇರುವುದಿಲ್ಲ. ನನಗೆ ಒಳಗೆ ಸೀಟು ಬೇಕು."

ಹಾಗೆ ಉಪ್ಪಳದಲ್ಲಿ 'ಹೆಂಗಸರ ಗ್ಯಾಲರಿ' ಹುಟ್ಟಿತು. ಬೊಂಬಾಯಿಯಲ್ಲಿ ನೋಡಿ ಬಂದ ಏರ್ಪಾಡು ಎಂದು ಶೆಟ್ಟರು ನೆಂಟರಿಷ್ಟರಿಗೆಲ್ಲ ತೋರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಕಿನ್ನಿ ಅದನ್ನು ಕೇಳಿಸಿಕೊಳ್ಳುತ್ತಾ ಎಲೆಅಡಿಕೆ ಜಗಿಯುತ್ತಿದ್ದಳು. ಆ ವರ್ಷ ಗೋಡೆಯಲ್ಲಿ ಇರುವೆ ನುಸುಳುವಷ್ಟೂ ಸಂದಿ ಇರಲಿಲ್ಲ.