ಮೂರು ಮಡಿ ಗೋಧಿ ಮಲಗಿದ ದಿನ

ಮೂರು ವರ್ಷದ ಹಿಂದಿನ ಮಾತು. ಮರಳೂರಿನ ಮನೆಯಿಂದ ತುಮಕೂರಿನ ಕಾಲೇಜಿಗೆ ಹೋಗಿ ಬಿ.ಎ. ಓದುತ್ತಿದ್ದೆ. ಚರ್ಚಾ ತಂಡದಲ್ಲಿ ಇದ್ದುದರಿಂದ, ಯಾರು ಏನು ಹೇಳಿದರೂ ‘ಅದಕ್ಕೆ ಪುರಾವೆ ಏನು?’ ಎಂದು ಕೇಳುವುದು ನನಗೆ ಚಟವಾಗಿತ್ತು. ಅಂಥ ನಾನೇ ಒಮ್ಮೆ ಪುರಾವೆಯನ್ನು ಕೆಡಿಸಿದೆ.

ದೊಡ್ಡಪ್ಪನ ಮಗಳು ಶೋಭಕ್ಕ ಆಗ ಕೃಷಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಪ್ರಬಂಧಕ್ಕೆಂದು ಸಿ.ಎಸ್. ಪುರದ ಹತ್ತಿರದ ನಮ್ಮ ಹೊಲದಲ್ಲಿ, ದೊಡ್ಡಪ್ಪನ ಮನೆಯ ಪಕ್ಕದಲ್ಲೇ, ಬದು ಕಟ್ಟಿ ಎಂಟು ಮಡಿ ಮಾಡಿ ಗೋಧಿ ಬಿತ್ತಿದ್ದಳು. ನಾಲ್ಕರಲ್ಲಿ ಹಳೆಯ ಎತ್ತರದ ತಳಿ, ನಾಲ್ಕರಲ್ಲಿ ಗಿಡ್ಡ ತಳಿ. ಎಲ್ಲಕ್ಕೂ ಒಂದೇ ಸಮ ನೀರು, ಒಂದೇ ಸಮ ಗೊಬ್ಬರ. ಡಿಸೆಂಬರಿನ ಒಂದು ಭಾನುವಾರ ನಾನು ಅಲ್ಲಿಗೆ ಹೋದೆ.

“ಗಿಡ ಕುಳ್ಳಾದ್ರೆ ಕಾಳು ಹೆಂಗಕ್ಕ ಜಾಸ್ತಿ ಆಗ್ತದೆ? ಲಾಜಿಕ್ಕೇ ಇಲ್ವಲ್ಲ” ಎಂದೆ.

“ಗಿಡ್ಡ ಮಾಡೋ ಜೀನ್ ಇದೆ ಕಣೋ ಇದ್ರಲ್ಲಿ. ಉದ್ದ ಬೆಳಿ ಅಂತ ಹಾರ್ಮೋನ್ ಎಷ್ಟ್ ಹೇಳಿದ್ರೂ ಗಿಡ ಅಷ್ಟಾಗಿ ಕೇಳಲ್ಲ. ಕಾಂಡಕ್ಕೆ ಹೋಗ್ಬೇಕಾದ ಊಟ ತೆನೆಗೆ ಹೋಗ್ತದೆ. ಗೊಬ್ಬರ ಕೊಟ್ರೂ ಸುಲಭಕ್ಕೆ ಬೀಳಲ್ಲ.”

ಹಸುವಿಗೆ ಮೇವು ಹಾಕುತ್ತಿದ್ದ ದೊಡ್ಡಪ್ಪ ಅಲ್ಲಿಂದಲೇ ಕೂಗಿದರು: “ಹುಲ್ಲು ಕಮ್ಮಿ ಆಯ್ತದಲ್ಲವ್ವ! ಹಸ ಏನ್ ನಿನ್ ಜೀನ್ ತಿಂತದಾ?”

ಎಲ್ಲರೂ ನಕ್ಕರು. ನನಗೆ ಹುರುಪು ಬಂತು. “ಉದ್ದದ್ದೇ ಗೆಲ್ಲೋದು, ಬರೆದಿಟ್ಕೊ” ಎಂದು ಸವಾಲು ಹಾಕಿದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಒರಗಿದಾಗ ಒಂದು ಬುಟ್ಟಿ ಯೂರಿಯಾ ತುಂಬಿಕೊಂಡು ಹೋಗಿ ಎತ್ತರದ ಗೋಧಿಗೆ ಎರಚಿದೆ. ಮೂರು ಮಡಿಗೇ ಬುಟ್ಟಿ ಖಾಲಿ. ಹಾಕಿದ್ದು ಗೊಬ್ಬರ ತಾನೆ, ವಿಷವಲ್ಲವಲ್ಲ ಎಂದು ನನಗೆ ನಾನೇ ವಾದ ಹೂಡಿಕೊಂಡೆ.

ಜನವರಿ ಕೊನೆಗೆ ಮತ್ತೆ ಹೋದಾಗ ಆ ಮೂರು ಮಡಿಗಳು ಕಡುಹಸಿರಾಗಿ ನನ್ನ ಎದೆಮಟ್ಟಕ್ಕೆ ಬಂದಿದ್ದವು. ಒಳಗೊಳಗೇ ಬೀಗಿದೆ. ಅವತ್ತು ಬೆಳಿಗ್ಗೆ ನೀರು ಹಾಯಿಸಿದ್ದರು. ಸಂಜೆ ಜೋರು ಗಾಳಿ ಎದ್ದಿತು. ನೋಡನೋಡುತ್ತಲೇ ಮೂರೂ ಮಡಿ ಚಾಪೆ ಹಾಸಿದಂತೆ ಮಲಗಿಬಿಟ್ಟವು. ಗಿಡ್ಡ ಗೋಧಿ ತೆನೆ ಹೊತ್ತು ತೂಗಾಡುತ್ತ ನಿಂತೇ ಇತ್ತು.

“ಈಗೇನಂತೀರಾ ಲಾಯರ್ ಸಾಹೇಬ್ರೇ?” ಶೋಭಕ್ಕ ಕುಣಿದಾಡಿದಳು. ಫೋಟೋ ತೆಗೆದು, ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬ ಬರೆದಳು. ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ, “ಅದ್ಸರಿ, ಉದ್ದದ್ರಲ್ಲಿ ನಾಲ್ಕನೇ ಮಡಿ ಯಾಕೆ ಬಿದ್ದಿಲ್ಲ?” ಎಂದಳು.

ಅಷ್ಟು ಅನುಕೂಲದ ಪುರಾವೆ ಕಣ್ಣೆದುರಿಗಿದ್ದರೆ ನಾನಂತೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ತಡೆಯಲಾರದೆ ನಿಜ ಹೇಳಿದೆ.

ಅವಳ ಮುಖ ಕಪ್ಪಿಟ್ಟಿತು. “ಥೂ ನಿನ್ನ! ಯೂರಿಯಾ ಜಾಸ್ತಿಯಾಗಿ ಕಾಂಡ ಮೆತ್ತಗಾಗೇ ಅವು ಬಿದ್ದಿರೋದು. ಗೋಧಿ ಚಳಿಗಾಲಕ್ಕೇ ಬಿತ್ತಬೇಕು. ಇನ್ನೊಂದ್ ವರ್ಷ ಕಾಯ್ಬೇಕು ಕಣೋ ನಾನು.”

“ಹೆಂಗೂ ನೀನೇ ಗೆದ್ದಿದೀಯ. ಯೂರಿಯಾ ವಿಷ್ಯ ಬರೀಬೇಡ ಬುಡಕ್ಕ, ಯಾರಿಗ್ ಗೊತ್ತಾಗ್ತದೆ?” ಎಂದೆ.

“ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕ್ದೇನೇ, ಬಿದ್ದಿದ್ದೇ ಸೋತಿದ್ದು ಅಂದ್ರೆ ಅದೇನ್ ಹೋಲಿಕೆಯೇನ್ಲಾ? ನನಗ್ ಗೊತ್ತಲ್ಲ” ಎಂದವಳೇ ಆ ಪುಟಕ್ಕೆ ಅಡ್ಡಗೆರೆ ಎಳೆದಳು. ಕೆಳಗೆ ನಡೆದದ್ದನ್ನು ನಡೆದಂತೆಯೇ ಬರೆದು ಗೈಡ್‌ಗೆ ತೋರಿಸಿದಳು. ಪದವಿ ಒಂದು ವರ್ಷ ತಡವಾಯಿತು.

ಮುಂದಿನ ಚಳಿಗಾಲ ಮತ್ತೆ ಎಂಟು ಮಡಿ ಬಿತ್ತಿದಳು. ಭಾನುವಾರಗಳಂದು ಹೋಗಿ ಕಳೆ ಕಿತ್ತವನು ನಾನು. ಕೊಯ್ದು, ಬಡಿದು, ಮಡಿ ಮಡಿಯ ಕಾಳನ್ನು ಬೇರೆ ಬೇರೆ ತೂಗಿದಾಗ ಗಿಡ್ಡ ತಳಿಯೇ ಮುಂದಿತ್ತು. ಎತ್ತರದ್ದರಲ್ಲಿ ಹುಲ್ಲು ಹೆಚ್ಚು. ದೊಡ್ಡಪ್ಪ ಅದನ್ನು ಖುಷಿಯಿಂದ ಕೊಟ್ಟಿಗೆಗೆ ಹೊತ್ತರು. ಅಂದರೆ ಅವರ ವಾದದಲ್ಲೂ ಹುರುಳಿತ್ತು. ಹುರುಳಿಲ್ಲದ್ದು ನನ್ನದೊಂದೇ.

ನಾನು ಈಗಲೂ ವಾದ ಮಾಡುತ್ತೇನೆ, ಎಷ್ಟೋ ಸಲ ಗೆಲ್ಲುತ್ತೇನೆ. ಆದರೆ ಒಂದು ವರ್ಷ ಕೈತಪ್ಪುತ್ತದೆಂದು ಗೊತ್ತಿದ್ದೂ, ತನ್ನ ಪರವಾಗಿದ್ದ ಪುಟವನ್ನು ತಾನೇ ಹೊಡೆದುಹಾಕಿದ ಶೋಭಕ್ಕನ ಎದುರು ವಾದಕ್ಕೆ ನಿಲ್ಲುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.