ದೀಪ ಹಚ್ಚುವ ಹೊತ್ತಿನ ಅಲಾರಂ

ಆ ಬುಧವಾರ ಮಾದಾಪುರದ ನಮ್ಮ ಕಚೇರಿಯಲ್ಲಿ ಕರೆಂಟು ಹೋಗಿ, ಎಲ್ಲರನ್ನೂ ನಾಲ್ಕು ಗಂಟೆಗೇ ಮನೆಗೆ ಕಳಿಸಿದರು. ಹಾಗಾಗಿ ಎಷ್ಟೋ ತಿಂಗಳ ಮೇಲೆ ದೀಪ ಹಚ್ಚುವ ಹೊತ್ತಿಗೆ ನಾನು ಉಪ್ಪಲ್‌ನ ಮನೆಯಲ್ಲಿದ್ದೆ. ಅವ್ವ ದೇವರ ಮುಂದೆ ದೀಪ ಹಚ್ಚಿದಳು, ಮುಂಬಾಗಿಲು ತೆರೆದಳು, ಹೊಸ್ತಿಲ ಹತ್ತಿರ ಕೈ ಮುಗಿದು ನಿಂತಳು. ತುಟಿ ಅಲ್ಲಾಡುತ್ತಿತ್ತು. ಹಾಡು ಮಾತ್ರ ಕೇಳಿಸಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ, ಬಾಗಿಲು ಮುಚ್ಚಿ ಚಿಲಕ ಹಾಕಿದಳು.

"ಯಾಕವ್ವ, ಇವತ್ತ ಹಾಡು ಹೇಳಲಿಲ್ಲ?"

"ಹಾಡು ಹೆಂಗ ಹೇಳಲಿ? ಎಣಸಬೇಕಲ್ಲ."

"ಏನು ಎಣಸೂದು?"

"ಐವತ್ತರ ತನಕ ಎಣಸ್ತೀನಿ. ಅರವತ್ತಕ್ಕ ಅದು ಒದರತೈತಿ." ಬಾಗಿಲ ಪಕ್ಕದ ಬಿಳಿ ಪೆಟ್ಟಿಗೆಯತ್ತ ಗದ್ದ ಎತ್ತಿ ತೋರಿಸಿದಳು.

ಆ ಪೆಟ್ಟಿಗೆಯನ್ನು ಹಾಕಿಸಿದವಳು ನಾನು. ಎರಡು ವರ್ಷಗಳ ಹಿಂದೆ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಕಳುವಾಗಿತ್ತು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಯಲ್ಲಿದ್ದ. ನಾನು ಮನೆ ಸೇರುವಾಗ ಎಂಟಾಗುತ್ತಿತ್ತು. ಮಧ್ಯಾಹ್ನದಿಂದ ಅವ್ವ ಒಬ್ಬಳೇ. ನಾನು ನಾಲ್ಕು ಕಂಪನಿಗಳನ್ನು ಹೋಲಿಸಿ ನೋಡಿ, ಒಂದನ್ನು ಆರಿಸಿ, ಒಪ್ಪಂದಕ್ಕೆ ಸಹಿ ಹಾಕಿದ್ದೆ. ವ್ಯವಸ್ಥೆ ಸರಳವಾಗಿತ್ತು. ಸಂಜೆ ಆರರ ನಂತರ ಮುಂಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಪೆಟ್ಟಿಗೆ ಕಿರುಚುತ್ತದೆ, ಕಂಪನಿಯ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತದೆ. ಗುರುತಿನ ಪದ ಹೇಳಿದರೆ ಅವರೇ ಅಲ್ಲಿಂದ ಕಿರುಚಾಟ ನಿಲ್ಲಿಸುತ್ತಾರೆ. ಅದಾದ ಮೇಲೂ ಬಾಗಿಲು ಮುಚ್ಚದಿದ್ದರೆ ಬೈಕಿನಲ್ಲಿ ಗಾರ್ಡ್ ಬರುತ್ತಾನೆ.

ದೀಪ ಹಚ್ಚಿದಾಗ ಬಾಗಿಲು ತೆರೆದಿರಬೇಕು ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಬಾಗಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ಲಕ್ಷ್ಮಿ ಬರುವ ಹೊತ್ತಿಗೆ ಯಾರೂ ಕದ ಹಾಕುವುದಿಲ್ಲ. ಅಜ್ಜಿಯಿಂದ ಅವ್ವನಿಗೆ ಬಂದ ಹಾಡಿಗೆ ಐದು ನುಡಿಗಳಿವೆ. ಅಚ್ಚಾದ ಯಾವ ಪುಸ್ತಕದಲ್ಲೂ ಅದನ್ನು ನಾನು ಕಂಡಿಲ್ಲ. ಇದೆಲ್ಲ ತಿಳಿದಿದ್ದೂ, ಒಪ್ಪಂದ ಓದುವಾಗ ಆ ಒಂದು ನಿಮಿಷವನ್ನು ಕಳ್ಳನ ನಿಮಿಷವೆಂದು ಮಾತ್ರ ಓದಿದ್ದೆ. ಅವ್ವ ಒಂದೆರಡು ಸಲ ಪೆಟ್ಟಿಗೆ ಕಿರುಚಿ ಫೋನ್ ಬಂದಾಗ ತಡವರಿಸಿ, ಯಾರಿಗೂ ಹೇಳದೆ, ಹಾಡು ಬಿಟ್ಟು ಎಣಿಸಲು ಶುರುಮಾಡಿದ್ದಳು.

"ನನಗ ಯಾಕ ಹೇಳಲಿಲ್ಲ?"

"ನೀ ಭಾಳ ಲೆಕ್ಕಾಚಾರ ಮಾಡಿ ಹಾಕಿಸಿದ್ದಿ. ನಾ ಏನ ಹೇಳಲಿ?"

ಮರುದಿನ ಕಂಪನಿಗೆ ಫೋನ್ ಮಾಡಿದೆ. ಒಂದು ನಿಮಿಷವನ್ನು ಹದಿನೈದು ಮಾಡಿಕೊಡಿ ಎಂದೆ. ಈ ಪ್ಯಾಕೇಜಿನಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರು. ಹಾಗಾದರೆ ಒಪ್ಪಂದ ರದ್ದು ಮಾಡಿ ಎಂದೆ. ಆ ಮಾತಿಗೆ ಕಾಯುತ್ತಿದ್ದವರಂತೆ ಬೇರೆ ವಿಭಾಗಕ್ಕೆ ದಾಟಿಸಿದರು. ಅಲ್ಲಿದ್ದ ಹೆಂಗಸಿನ ಇಂಗ್ಲಿಷ್ ತುಂಬ ಮೃದುವಾಗಿತ್ತು.

"ರದ್ದು ಮಾಡಲು ಕಾರಣ ಏನು, ಮೇಡಂ?"

"ಬೇಡವಾಗಿದೆ."

"ಅದು ನನ್ನ ಪಟ್ಟಿಯಲ್ಲಿಲ್ಲ. ಮನೆ ಬದಲಾಯಿಸುತ್ತಿದ್ದೀರಾ?"

"ಇಲ್ಲ."

"ಬೇರೆ ಕಂಪನಿಗೆ ಹೋಗುತ್ತಿದ್ದೀರಾ?"

"ಇಲ್ಲ. 'ಇತರೆ' ಎಂದು ಬರೆದುಕೊಳ್ಳಿ."

"'ಇತರೆ' ಹಾಕಿದರೆ ಅರ್ಜಿ ಮುಂದೆ ಹೋಗುವುದಿಲ್ಲ, ಮೇಡಂ. ಸಂಜೆ ನಿಮ್ಮ ತಾಯಿ ಒಬ್ಬರೇ ಇರುತ್ತಾರೆ ಎಂದು ಫಾರ್ಮಿನಲ್ಲಿ ನೀವೇ ಬರೆದಿದ್ದೀರಿ. ಅವರ ಸುರಕ್ಷತೆಯ ಬಗ್ಗೆ ಯೋಚಿಸಿದ್ದೀರಾ?"

ಮನೆಯ ವಿಷಯವನ್ನು ನಾನು ಸಹೋದ್ಯೋಗಿಗಳ ಹತ್ತಿರವೂ ಆಡುವವಳಲ್ಲ. ನಂಬಿ ಬರೆದುಕೊಟ್ಟ ಒಂದು ಸಾಲನ್ನು ಅಪರಿಚಿತರೊಬ್ಬರು ನನಗೇ ತಿರುಗಿಸಿ ಓದಿದಾಗ ಕಿವಿ ಬಿಸಿಯಾಯಿತು. ದೀಪದ ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ಲಿಖಿತ ಅರ್ಜಿಯನ್ನು ನಾಂಪಲ್ಲಿಯ ಕಚೇರಿಯಲ್ಲಿ ಖುದ್ದಾಗಿ ಕೊಡಬೇಕು, ಹನ್ನೊಂದರಿಂದ ಒಂದರೊಳಗೆ ಎಂದರು. ರಜೆ ಹಾಕಿ ಹೋದೆ. ಕೌಂಟರಿನಲ್ಲಿದ್ದವನು ಅರ್ಜಿಯ ಮೇಲೆ ಕಣ್ಣಾಡಿಸಿ ಹಿಂದಕ್ಕೆ ತಳ್ಳಿದ. ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಕೊಡಬೇಕಿತ್ತು, ಹೋದ ತಿಂಗಳು ಒಪ್ಪಂದ ತಾನಾಗಿಯೇ ಇನ್ನೆರಡು ವರ್ಷಕ್ಕೆ ಮುಂದುವರಿದಿದೆ ಎಂದ.

"ಎರಡು ವರ್ಷ ಬಿಟ್ಟು ಬನ್ನಿ ಮೇಡಂ," ಎಂದು ನಕ್ಕ. ತಮಾಷೆಗೆ ಹೇಳಿದನೋ ನಿಜವಾಗಿಯೋ, ಮುಖ ನೋಡಿ ಗೊತ್ತಾಗಲಿಲ್ಲ.

ನಾಂಪಲ್ಲಿಯಲ್ಲಿ ಮೆಟ್ರೊ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ಕಿಟಕಿಯ ಪಕ್ಕ ಜಾಗ ಸಿಕ್ಕ ಮೇಲೆ ಒಪ್ಪಂದದ ಪ್ರತಿಯನ್ನು ಫೋನಿನಲ್ಲಿ ತೆರೆದೆ. ಎರಡು ವರ್ಷಗಳ ಹಿಂದೆ ನಾನು ಓದಿದ್ದು ನನ್ನ ಕರ್ತವ್ಯಗಳನ್ನು. ಈ ಸಲ ಕಂಪನಿ ತನಗಾಗಿ ಇಟ್ಟುಕೊಂಡ ಹಕ್ಕುಗಳನ್ನು ಓದಿದೆ. ಅವು ಕೊನೆಯ ಪುಟದಲ್ಲಿದ್ದವು. ಒಂದೇ ತಿಂಗಳಲ್ಲಿ ಎಂಟಕ್ಕಿಂತ ಹೆಚ್ಚು ಸಲ ಅಕಾರಣವಾಗಿ ಅಲಾರಂ ಬಂದರೆ, ಎಚ್ಚರಿಕೆ ಪತ್ರ ಕೊಟ್ಟ ಮೇಲೂ ಅದು ನಿಲ್ಲದಿದ್ದರೆ, ಕಂಪನಿ ಒಪ್ಪಂದವನ್ನು ಕೊನೆಗೊಳಿಸಬಹುದು; ಆಮೇಲೆ ಯಾರ ಮೇಲೂ ಯಾರಿಗೂ ಹಕ್ಕಿಲ್ಲ.

ಉಪ್ಪಲ್ ಬರುವಷ್ಟರಲ್ಲಿ ಅದನ್ನು ಮೂರು ಸಲ ಓದಿದ್ದೆ. ನಾನು ಬಿಡಲು ಆಗದ ಒಪ್ಪಂದವನ್ನು ಅವರು ಬಿಡಬಹುದಿತ್ತು. ಅದಕ್ಕೆ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ಅವ್ವ ಮೊದಲಿನ ಹಾಗೆ ಹಾಡಿದರೆ ಸಾಕು.

ಮನೆಗೆ ಬಂದು ಹೇಳಿದೆ. ಪಾಳಿಗೆ ಹೊರಟಿದ್ದ ಅಪ್ಪ ಬೂಟಿನ ಲೇಸು ಕಟ್ಟುತ್ತ ಕೇಳಿಸಿಕೊಂಡ. "ನೀನ ಹಾಕಿಸಿದಿ, ನೀನ ತಗಸು," ಎಂದಷ್ಟೇ ಹೇಳಿ ಹೊರಟ. ಅವ್ವನಿಗೆ ಮಾತ್ರ ಅಳುಕು.

"ಫೋನ್‌ನಾಗ ಬೈದರ?"

"ಹಿಂದಿಯೊಳಗ ಬೈತಾರ. ನಿನಗ ಎಲ್ಲಿ ತಿಳೀತೈತಿ, ಬಿಡು."

"ಆಹಾ! ಇಪ್ಪತ್ತೆರಡು ವರ್ಷ ಈ ಊರಾಗ ಕಾಯಿಪಲ್ಲೆ ಯಾವ ಭಾಷಾದಾಗ ತಗೊಂಡೀನಿ? ನಿನಗ ಕಾಲೇಜಿನ ಹಿಂದಿ ಬರತೈತಿ. ಜಗಳದ ಹಿಂದಿ ನನಗ ಬರತೈತಿ."

ಆ ಇಡೀ ವಾರ ನಾನು ಮನೆಯಿಂದಲೇ ಕೆಲಸ ಮಾಡಿದೆ. ಮೊದಲ ಸಂಜೆ ಅವ್ವ ದೀಪ ಹಚ್ಚಿ ಬಾಗಿಲು ತೆರೆದಳು. ಮೊದಲ ನುಡಿ ಮುಗಿಯುವ ಮೊದಲೇ ಪೆಟ್ಟಿಗೆ ಕಿರುಚಿತು. ಫೋನ್ ಎತ್ತಿ ಗುರುತಿನ ಪದ ಹೇಳಿದಳು. ಕಿರುಚಾಟ ನಿಂತಿತು.

"ಸಬ್ ಠೀಕ್ ಹೈ, ಮೇಡಂ? ದರ್ವಾಜಾ ಬಂದ್ ಕೀಜಿಯೇ," ಎಂದಿತು ಆಚೆಯ ದನಿ.

"ಬಂದ್ ನಹೀ ಹೋತಾ. ಚಿರಾಗ್ ಜಲಾಯೀ. ದರ್ವಾಜಾ ಖುಲಾಚ್ ರಹೇಗಾ," ಎಂದಳು ಅವ್ವ, ದೀಪ ಹಚ್ಚಿದ್ದೇನೆ, ಬಾಗಿಲು ತೆರೆದೇ ಇರುತ್ತದೆ ಎಂಬರ್ಥದಲ್ಲಿ. ಫೋನ್ ಇಟ್ಟು ಎರಡನೇ ನುಡಿ ಎತ್ತಿಕೊಂಡಳು. ದನಿ ಸ್ವಲ್ಪ ನಡುಗುತ್ತಿತ್ತು. ನಾಲ್ಕನೇ ನುಡಿಯ ಹೊತ್ತಿಗೆ ಸರಿಹೋಯಿತು.

ಗಾರ್ಡ್ ಬಂದಾಗ ಹಾಡು ಇನ್ನೂ ಮುಗಿದಿರಲಿಲ್ಲ. ಅಪ್ಪನ ವಯಸ್ಸಿನವನು, ಹೆಲ್ಮೆಟ್ ಕಂಕುಳಲ್ಲಿ. ಒಳಗೆ ಉರಿಯುತ್ತಿದ್ದ ದೀಪ ಕಂಡು ಬೂಟು ಬಿಚ್ಚಿ ಬದಿಗಿಟ್ಟು, ಮುಗಿಯುವ ತನಕ ಮೆಟ್ಟಿಲ ಹತ್ತಿರ ನಿಂತ.

"ಏಮೈಂದಮ್ಮಾ?" ಏನಾಯಿತೆಂದು ತೆಲುಗಿನಲ್ಲಿ ಕೇಳಿದ.

"ಏಮೀ ಕಾಲೇದು. ದೀಪಂ." ಏನೂ ಆಗಿಲ್ಲವೆಂದು ಅವ್ವ ಒಳಗಿನ ದೀಪ ತೋರಿಸಿದಳು.

ಅವನು ತಲೆಯಾಡಿಸಿ, ತನ್ನ ಫೋನಿನಲ್ಲಿ ಕಾರಣದ ಜಾಗದಲ್ಲಿ 'ದೀಪಂ' ಎಂದು ಒತ್ತಿ, ನನ್ನ ಸಹಿ ಪಡೆದು ಹೋದ. ನನಗೆ ಪಟ್ಟಿಯಲ್ಲಿ ಸಿಗದ ಕಾರಣ ಅವನಿಗೆ ಅರೆಗಳಿಗೆಯಲ್ಲಿ ಸಿಕ್ಕಿತು. ಮರುದಿನವೂ ಬಂದ. ಮೂರನೆಯ ದಿನ ಬೂಟು ಬಿಚ್ಚುವಾಗಲೇ ನಗುತ್ತಿದ್ದ. ಒಂದು ದಿನ ಅವನು ಬಂದಾಗ ಹಾಡು ಆಗಲೇ ಮುಗಿದಿತ್ತು. "ಲೇಟ್ ಅಯ್ಯಾನು," ಎಂದು ಪೇಚಾಡಿಕೊಂಡ. ತಡವಾದದ್ದು ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಒಂಬತ್ತನೆಯ ಅಲಾರಂ ಆದ ಮೇಲೆ ಎಚ್ಚರಿಕೆ ಪತ್ರ ಬಂತು. ನಾವು ಬಾಗಿಲು ತೆರೆಯುವುದನ್ನು ನಿಲ್ಲಿಸಲಿಲ್ಲ. ಹನ್ನೆರಡನೆಯದರ ಮೇಲೆ ಆ ಮೃದು ದನಿಯ ಹೆಂಗಸೇ ಫೋನ್ ಮಾಡಿದಳು.

"ಮೇಡಂ, ಸಂಜೆ ಬಾಗಿಲು ಮುಚ್ಚಿಕೊಂಡರೆ ಎಲ್ಲ ಸರಿಹೋಗುತ್ತದೆ."

"ಮುಚ್ಚುವುದಿಲ್ಲ."

"ಯಾಕೆ ಎಂದು ಕೇಳಬಹುದೇ?"

ಈಗ ಹೇಳುವುದು ಕಷ್ಟವಾಗಲಿಲ್ಲ. "ನಮ್ಮ ತಾಯಿ ದೀಪ ಹಚ್ಚಿ ಹಾಡುತ್ತಾರೆ. ಆಗ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ನಿಮ್ಮ ಒಂದು ನಿಮಿಷದಲ್ಲಿ ಆ ಹಾಡು ಹಿಡಿಯುವುದಿಲ್ಲ."

ಆಚೆ ಕೀಬೋರ್ಡಿನ ಸದ್ದು ಕೇಳಿಸಿತು, ನಿಂತಿತು. "ಅದೂ ಪಟ್ಟಿಯಲ್ಲಿ ಇಲ್ಲ, ಮೇಡಂ," ಎಂದಳು. "ಆದರೆ ಇನ್ನು ನಿಮ್ಮಿಂದ ಕಾರಣ ಬೇಕಾಗಿಲ್ಲ. ಈಗ ಕಾರಣ ನಮ್ಮದು."

ನಾಲ್ಕು ದಿನಕ್ಕೆ ಪತ್ರ ಬಂತು: ಕಂಪನಿ ವಿಷಾದದಿಂದ ಒಪ್ಪಂದವನ್ನು ಕೊನೆಗೊಳಿಸುತ್ತಿದೆ. ಇಬ್ಬರು ಬಂದು ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ಗೋಡೆಯಲ್ಲಿ ಉಳಿದ ನಾಲ್ಕು ತೂತುಗಳ ಮೇಲೆ ಅವ್ವ ಕ್ಯಾಲೆಂಡರ್ ತೂಗುಹಾಕಿದಳು.

ಕಳ್ಳರ ಚಿಂತೆ ನನಗೆ ಹೋಗಿರಲಿಲ್ಲ. ಆದರೆ ಈ ಸಲ ಹೋಲಿಸಿ ನೋಡುವ ಮೊದಲು ಅವ್ವನನ್ನು ಕೇಳಿದೆ.

"ಕಬ್ಬಿಣದ ಜಾಳಿಗಿ ಬಾಗಲಾ ಹಾಕಸು. ಒಳಗಿಂದ ಕೀಲಿ. ಕದಾ ತೆರದಿದ್ರೂ ಕಳ್ಳ ಬರೂದಿಲ್ಲ, ಗಾಳಿ ಬರತೈತಿ, ಲಕ್ಷ್ಮಿನೂ ಬರತಾಳ. ಆವಾಗನ ಹೇಳಿದ್ದೆ. ನೀ ಕಂಪ್ಯೂಟರ್ ನೋಡಾಕತ್ತಿದ್ದಿ."

ಹೇಳಿದ್ದಳು, ನಿಜ. ನನಗೆ ನೆನಪಿತ್ತು.

ಜಾಳಿಗೆ ಬಾಗಿಲು ಬಂದ ವಾರ, ಕಚೇರಿಯಲ್ಲಿ ಹೇಳಿ ಒಂದು ದಿನ ಬೇಗ ಹೊರಟೆ. ಎರಡನೆಯ ಮಹಡಿಯ ತಿರುವಿನಲ್ಲೇ ಹಾಡು ಕೇಳಿಸಿತು, ಮೂರನೆಯ ನುಡಿ ನಡೆದಿತ್ತು. ಮೆಟ್ಟಿಲು ಹತ್ತಿ ಜಾಳಿಗೆಯ ಎದುರು ನಿಂತೆ. ಅವ್ವ ನನ್ನನ್ನು ನೋಡಿದಳು. ಹಾಡು ನಿಲ್ಲಿಸಲಿಲ್ಲ, ಬೀಗ ತೆಗೆಯಲು ಬರಲೂ ಇಲ್ಲ. ಮುಗಿದ ಕೈಗಳಲ್ಲಿ ಒಂದನ್ನು ಬಿಡಿಸಿ, ಬಾಗಿಲಿಗೆ ಅಡ್ಡ ನಿಲ್ಲಬೇಡ, ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದಳು. ನಾನು ಚಪ್ಪಲಿ ಬಿಟ್ಟು, ಆ ಗಾರ್ಡ್ ನಿಲ್ಲುತ್ತಿದ್ದ ಜಾಗಕ್ಕೆ ಸರಿದು ನಿಂತೆ.